ಹೇಳಲು ಮರೆತ ದಿಕ್ಕು

ಮಿರಜ
ಆಗಸ್ಟ್ ೩, ೨೦೨೫, ಭಾನುವಾರ

ಅಣ್ಣನಿಗೆ ಚಂದ್ರಾಬಾಯಿಯ ಜಯ ಜಿನೇಂದ್ರ.

ಕಳೆದ ವಾರ ನನ್ನ ಮಗ ಸಂಮೇದ ನಿಮಗೆ ಫೋನು ಹಚ್ಚಿ ಕಾಲು ತಾಸು ಕೂಗಿದ. ನೀವು ಆ ಕಡೆಯಿಂದ ಎಲ್ಲ ಮಾತಿಗೂ "ಹೌದಪಾ, ಮಳಿ ಛಲೋ ಆಗೇತಿ" ಎಂದೇ ಅಂದಿರಂತೆ. ಅವನು ಫೋನು ಇಟ್ಟು, "ಅವ್ವಾ, ಮಾಮಾಗ ನೀನ ಪತ್ರ ಬರಿ, ನನ್ನ ಗಂಟಲಾ ಹೋತು" ಎಂದ. ಕಿವಿಯ ಯಂತ್ರ ಕೊಂಡು ಕಪಾಟಿನಲ್ಲಿಟ್ಟು ದಿನಾ ಅದರ ಧೂಳು ಒರೆಸುವ ನಿವೃತ್ತ ಮಾಸ್ತರರು ಇಡೀ ರಾಯಬಾಗದಲ್ಲಿ ನೀವೊಬ್ಬರೇ ಇರಬೇಕು. ಇರಲಿ, ನನಗೂ ಬರೆಯುವುದೇ ಹಗುರ. ಈ ಮನೆಯಲ್ಲಿ ಕನ್ನಡ ಮಾತಾಡುವವರು ಐದು ಜನ, ಓದಲು ಬರುವುದು ನನಗೊಬ್ಬಳಿಗೆ. ಉಳಿದವರೆಲ್ಲ ಕಲಿತದ್ದು ಮರಾಠಿ ಶಾಲೆಯಲ್ಲಿ. ನಿಮ್ಮ ಪತ್ರ ನಡುಮನೆಯಲ್ಲಿ ಬಿಚ್ಚಿ ಬಿದ್ದಿದ್ದರೂ ನನ್ನ ಟ್ರಂಕಿನಲ್ಲಿ ಇದ್ದಂತೆಯೇ.

ಸುದ್ದಿ ಏನೆಂದರೆ, ಮನೆಯವರೆಲ್ಲ ಒಂದು ದಿನದ ಮಟ್ಟಿಗೆ ಬಾಹ್ಯಾಕಾಶ ನೋಡಲು ಹೋಗುತ್ತಾರೆ. ನಗಬೇಡಿ. ಕೊಲ್ಹಾಪುರ ದಾಟಿ ಹೆದ್ದಾರಿಯ ಬದಿಗೆ ಹೊಸದಾಗಿ ಒಂದು ಬಾಹ್ಯಾಕಾಶ ಕೇಂದ್ರ ಆಗಿದೆ. ಅಂಗಳದಲ್ಲಿ ಆರು ಮಾಳಿಗೆ ಎತ್ತರದ ರಾಕೆಟ್ಟು ನಿಲ್ಲಿಸಿದ್ದಾರಂತೆ, ಒಳಗೆ ಚಂದ್ರನ ಮೇಲಿರುವಂಥದೇ ನೆಲ ಮಾಡಿದ್ದಾರಂತೆ. ಆರನೇ ಇಯತ್ತೆಯ ಮೊಮ್ಮಗಳು ಸನ್ಮತಿಯೇ ಇದಕ್ಕೆಲ್ಲ ಮುಖಂಡಳು. ನೋಟುಬುಕ್ಕಿನಲ್ಲಿ ತಾಸು ತಾಸಿನ ಪಟ್ಟಿ ಹಾಕಿದ್ದಾಳೆ: ಬೆಳಗಿನ ಐದಕ್ಕೆ ಹೊರಡುವುದು, ಅಂಕಲಿ ಸೇತುವೆ ದಾಟಿದ ಮೇಲೆ ಚಹಾ, ಹೊತ್ತು ಮುಳುಗುವುದರೊಳಗೆ ಊಟ. ಸೆಪ್ಟೆಂಬರ್ ೨೮ರ ಭಾನುವಾರ ಗೊತ್ತಾಗಿದೆ. ಸೊಸೆ ವೃಷಾಲಿಯ ತಂದೆ ತಾಯಿ ಬೇಡಗದಿಂದ ಬಂದು ಜತೆಯಾಗುತ್ತಾರೆ. ಐದು ಜನಕ್ಕೆ ಸೇರಿ ಒಂದು ಪಾಸು, ಸಂಮೇದ ಮೊಬೈಲಿನಲ್ಲೇ ತೆಗೆದಿಟ್ಟಿದ್ದಾನೆ.

ನನ್ನನ್ನು ಬರುತ್ತೀಯಾ ಎಂದು ಯಾರೂ ಕೇಳಲಿಲ್ಲ. ಕೇಳುವುದು ಏನಿದೆ? ನನ್ನ ಯಜಮಾನರು ತೀರಿಕೊಂಡ ಹದಿನಾಲ್ಕನೆಯ ದಿನ ಬಸದಿಗೆ ಹೋಗಿ ಮುನಿ ಮಹಾರಾಜರ ಮುಂದೆ ಕೈಮುಗಿದು ದಿಗ್ವ್ರತ ತೆಗೆದುಕೊಂಡವಳು ನಾನು. ದಕ್ಷಿಣಕ್ಕೂ ಪಶ್ಚಿಮಕ್ಕೂ ಕೃಷ್ಣಾ ನದಿ, ಉತ್ತರಕ್ಕೆ ಕವಲಾಪುರ, ಪೂರ್ವಕ್ಕೆ ಬೇಡಗ. ಬದುಕಿರುವತನಕ ಈ ಗಡಿ ದಾಟುವುದಿಲ್ಲ ಎಂದು. ಹರಿಪುರದ ಘಾಟಿನಲ್ಲಿ ನಿಂತು ಆಚೆ ದಡದ ಕಬ್ಬು ನೋಡಬಹುದು, ಅಷ್ಟೇ. ರಾಯಬಾಗವೂ ಆಚೆ ದಡವೇ. ತವರಿನ ಹೊಸ್ತಿಲು ತುಳಿದು ಹನ್ನೊಂದು ವರ್ಷವಾಯಿತು.

ಆದರೆ ಅಣ್ಣಾ, ಆ ಕೇಂದ್ರದಲ್ಲಿ ಒಂದು ಕುರ್ಚಿ ಇದೆಯಂತೆ. ಅದರಲ್ಲಿ ಕೂತವರಿಗೆ ತೂಕವೇ ಇಲ್ಲದಂತೆ ಮಾಡುತ್ತಾರಂತೆ, ಮತ್ತೊಬ್ಬರು ಒಂದೇ ಬೆರಳಿನಿಂದ ಅವರನ್ನು ಎತ್ತಬಹುದಂತೆ. ನಮ್ಮ ಅತ್ತೆಗೆ ಈಗ ಎಂಬತ್ತೆಂಟು. ಎರಡು ವರ್ಷದಿಂದ ಹಾಸಿಗೆಯಲ್ಲೇ ಇದ್ದಾರೆ. ದಿನಕ್ಕೆ ಎಂಟು ಸಲ ಎತ್ತಿ ಕೂಡಿಸುತ್ತೇನೆ, ಹೊರಳಿಸುತ್ತೇನೆ. ನನ್ನ ಬಲಗೈ ಈಗ ಹೆಗಲಿಗಿಂತ ಮೇಲಕ್ಕೆ ಏಳುವುದಿಲ್ಲ. ಹೀಗಿರುವಾಗ ಒಂದು ಬೆರಳಿನಿಂದ ಮನುಷ್ಯರನ್ನು ಎತ್ತುವುದನ್ನು ನಾನೊಮ್ಮೆ ನೋಡಬೇಕು. ನೋಡಿದರೆ ಏನು ಬರುತ್ತದೆ ಎಂದು ಕೇಳಬೇಡಿ. ನೋಡಬೇಕು ಅನ್ನಿಸಿದೆ, ಮಗುವಿನ ಹಾಗೆ ಅನ್ನಿಸಿದೆ.

ವೈನಿಗೆ ನಮಸ್ಕಾರ ತಿಳಿಸಿ.

ಚಂದ್ರಾಬಾಯಿ


ರಾಯಬಾಗ
ಆಗಸ್ಟ್ ೧೧, ೨೦೨೫

ತಂಗಿ ಚಂದ್ರಾಬಾಯಿಗೆ ಧರಣೇಂದ್ರನ ಆಶೀರ್ವಾದ.

ಪತ್ರ ಶುಕ್ರವಾರ ಬಂತು. ಕಿವಿಯ ಯಂತ್ರದ ಮೇಲೆ ಧೂಳು ಕೂರುವುದಿಲ್ಲ, ಏಕೆಂದರೆ ಅದು ಡಬ್ಬಿಯಲ್ಲಿದೆ. ಹಾಕಿಕೊಂಡರೆ ಪಾತ್ರೆ ತೊಳೆಯುವ ಸದ್ದು ಸಿಡಿಲು ಬಡಿದಂತೆ ಕೇಳುತ್ತದೆ, ಮನುಷ್ಯರ ಮಾತು ಮಾತ್ರ ಕೇಳುವುದಿಲ್ಲ.

ಸನ್ಮತಿಗೆ ಒಂದು ತಿದ್ದುಪಡಿ ಹೇಳು. ತೂಕವಿಲ್ಲದ ಕಡೆ ಒಬ್ಬನನ್ನು ಒಂದು ಬೆರಳಿನಿಂದ ಸರಿಸಬಹುದು, ಅದು ನಿಜ. ಆದರೆ ಸರಿಸಿದವನೂ ಹಿಂದಕ್ಕೆ ಹೋಗುತ್ತಾನೆ. ಅವನಿಗೆ ಹಿಡಿದುಕೊಳ್ಳಲು ಏನಾದರೂ ಆಸರೆ ಬೇಕು. ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿದವನು ಇಷ್ಟನ್ನು ಹೇಳದೆ ಬಿಡಲಾರೆ.

ಇನ್ನು ಮಿಕ್ಕ ಮಾತು. ನೀನು ಹೋಗಲು ಆಗುವುದಿಲ್ಲ ಎಂಬುದನ್ನು ನನಗೆ ಅಷ್ಟು ವಿವರವಾಗಿ ಏಕೆ ಬರೆದೆಯೋ ತಿಳಿಯಲಿಲ್ಲ. ಗಡಿ ಹಾಕಿಕೊಂಡವಳು ನೀನು. ನದಿಯನ್ನು ನಾನು ತಂದು ನಡುವೆ ಹರಿಸಲಿಲ್ಲ. ಹನ್ನೊಂದು ವರ್ಷ ಎಂಬುದು ನನಗೂ ಗೊತ್ತಿದೆ. ಇದನ್ನು ಸಿಟ್ಟಾಗಿ ಬರೆಯುತ್ತಿಲ್ಲ.

ನಿನ್ನ ವೈನಿಯ ಮೊಣಕಾಲು ನೋವು ಕಡಿಮೆಯಾಗಿದೆ. ಹೆಸರಿನ ಬೆಳೆ ಈ ಸಲ ಚೆನ್ನಾಗಿ ಬಂದಿದೆ.

ಧರಣೇಂದ್ರ


ಮಿರಜ
ಆಗಸ್ಟ್ ೨೦, ೨೦೨೫

ಅಣ್ಣನಿಗೆ ಜಯ ಜಿನೇಂದ್ರ.

"ಸಿಟ್ಟಾಗಿ ಬರೆಯುತ್ತಿಲ್ಲ" ಎಂಬ ಸಾಲಿನಲ್ಲಿ ನಿಮ್ಮ ಪೆನ್ನಿನ ಮೊನೆ ಕಾಗದ ತೂತು ಮಾಡಿದೆ. ಬೆಳಕಿಗೆ ಹಿಡಿದು ನೋಡಿದೆ.

ನಾನು ಚುಚ್ಚಲು ಬರೆದದ್ದಲ್ಲ ಅಣ್ಣಾ. ಈ ಮನೆಯಲ್ಲಿ ನನಗೆ ಹೋಗಬೇಕು ಅನ್ನಿಸಿದೆ ಎಂದು ಯಾರ ಮುಂದೆ ಹೇಳಲಿ? ಹೇಳಿದರೆ "ಅಯ್ಯ, ನಿಮ್ಮ ವ್ರತ ಐತೆಲ್ರಿ" ಎಂದು ಸೊಸೆ ಮೆತ್ತಗೆ ನೆನಪಿಸುತ್ತಾಳೆ. ವ್ರತ ನನ್ನದು, ಅದರ ನೆನಪು ನನಗಿಂತ ಅವರಿಗೇ ಚೆನ್ನಾಗಿದೆ.

ಮೊನ್ನೆ ಒಂದು ತಮಾಷೆ ಆಯಿತು. ನಾನು ದಶಮಿ ರೊಟ್ಟಿಗೆ ಹಾಲಿನಲ್ಲಿ ಹಿಟ್ಟು ನಾದುತ್ತಿದ್ದೆ. ಪ್ರಯಾಣಕ್ಕೆ ಕಟ್ಟಿಕೊಡಲು ಎಷ್ಟು ದಿನ ಮೆತ್ತಗಿರುತ್ತವೆ ಎಂದು ಮೊದಲೇ ಮಾಡಿ ನೋಡಬೇಕಂತೆ, ಅದು ಸನ್ಮತಿಯ ಅಪ್ಪಣೆ. ಅವಳು ಪಕ್ಕದಲ್ಲಿ ಕೂತು ಕೇಳಿದಳು, "ಅಜ್ಜಿ, ಒಟ್ಟ ಎಷ್ಟ ದಿಕ್ಕು?"

"ಹತ್ತು. ನಾಕ ದಿಕ್ಕು, ನಾಕ ಮೂಲಿ, ಮ್ಯಾಲೆ, ಕೆಳಗ."

"ಹಂಗಾರ ನಿನ್ನ ವ್ರತದಾಗ ಮ್ಯಾಲಿಂದ ಎಷ್ಟ ಹೇಳಿದಿ?"

ನಾದುತ್ತಿದ್ದ ಕೈ ನಿಂತುಹೋಯಿತು. ಹೇಳಿರಲಿಲ್ಲ. ನದಿ ಹೇಳಿದ್ದೆ, ಊರು ಹೇಳಿದ್ದೆ, ಮೇಲಿನದ್ದು ಹೇಳಲು ಮರೆತೇ ಬಿಟ್ಟಿದ್ದೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅದು ನೆನಪಾಗಿರಲಿಲ್ಲ. ಹುಡುಗಿ ಎದ್ದು ಕುಣಿದಳು, "ಅಂದ್ರ ಅಜ್ಜಿಗೆ ಚಂದ್ರನ ಮ್ಯಾಲೆ ಹೋಗಾಕ ನಡೀತೈತಿ, ಕೊಲ್ಹಾಪುರಕ್ಕ ಹೋಗಾಕ ನಡಿಯೂದಿಲ್ಲ!" ಸಂಮೇದ ನಕ್ಕ, ವೃಷಾಲಿ ನಕ್ಕಳು, ಒಳಕೋಣೆಯಿಂದ ಅತ್ತೆ "ಏನಾತ್ರೆವಾ?" ಎಂದು ಕೇಳಿದರು. ನಾನೂ ನಕ್ಕೆ. ಆಮೇಲೆ ನನಗೆ ಯಾಕೋ ಸರಿ ಅನ್ನಿಸಲಿಲ್ಲ.

ಆ ಮಾತಿನ ಮೇಲೆ ಇನ್ನೊಂದು ಹೊಳೆಯಿತು. ಇವರು ಈ ಹನ್ನೊಂದು ವರ್ಷದಲ್ಲಿ ಹೋಗಿಬಂದದ್ದು ಪನ್ಹಾಳ, ಗಣಪತಿಪುಳೆ, ಎರಡು ಸಲ ಗೋವಾ. ಎಲ್ಲವೂ ನದಿಯ ಆಚೆ. ಈಚೆ ಕಡೆ ನೋಡುವಂಥದ್ದು ಒಂದೂ ಇಲ್ಲವೇ?

ಮೇಲಿನ ದಿಕ್ಕು ಹೇಳದಿದ್ದರೆ ವ್ರತಕ್ಕೆ ಕುಂದು ಬರುತ್ತದೆಯೇ? ನಿಮ್ಮ ಹತ್ತಿರ ಗೃಹಸ್ಥರ ವ್ರತಗಳನ್ನು ಹೇಳುವ ಶ್ರಾವಕಾಚಾರದ ಪುಸ್ತಕವಿದೆ, ನೋಡಿ ಬರೆಯಿರಿ.

ಚಂದ್ರಾಬಾಯಿ


ರಾಯಬಾಗ
ಆಗಸ್ಟ್ ೨೭, ೨೦೨೫

ತಂಗಿಗೆ ಆಶೀರ್ವಾದ.

ನಾಳೆಯಿಂದ ದಶಲಕ್ಷಣ ಪರ್ವ, ಬಸದಿಯ ಕೆಲಸವಿದೆ. ಚಿಕ್ಕದಾಗಿ ಬರೆಯುತ್ತೇನೆ.

ಪುಸ್ತಕ ನೋಡಿದೆ. ದಿಗ್ವ್ರತದಲ್ಲಿ ಹತ್ತೂ ದಿಕ್ಕುಗಳ ಮಿತಿ ಹೇಳಬೇಕು. ಮೇಲಿನ ಮಿತಿ ಮೀರುವುದು, ಅಂದರೆ ಬೆಟ್ಟ ಮುಂತಾದುವನ್ನು ಹತ್ತುವುದು, ಅದೂ ಒಂದು ದೋಷ. ಒಂದು ದಿಕ್ಕಿನಲ್ಲಿ ಕಡಿಮೆ ಮಾಡಿ ಇನ್ನೊಂದರಲ್ಲಿ ಹೆಚ್ಚಿಸಿಕೊಳ್ಳುವುದಕ್ಕೂ ಅವಕಾಶವಿಲ್ಲ. ಹೇಳಲು ಮರೆತರೆ ಏನು ಎಂಬುದು ಪುಸ್ತಕದಲ್ಲಿಲ್ಲ. ಯಾರೂ ಮರೆಯುವುದಿಲ್ಲ ಎಂದು ಬರೆದವರು ತಿಳಿದಿರಬೇಕು. ಈ ಚಾತುರ್ಮಾಸಕ್ಕೆ ನಿಮ್ಮ ಊರಿನಲ್ಲೇ ಮಹಾರಾಜರು ಇದ್ದಾರಲ್ಲ, ಅವರನ್ನು ಕೇಳು.

ಅವಸರದಲ್ಲಿ ತೆಗೆದುಕೊಂಡರೆ ಹೀಗಾಗುತ್ತದೆ. ಆ ಬೆಳಿಗ್ಗೆ ನಾನು ನಿನ್ನನ್ನು ಕರೆದುಕೊಂಡು ಹೋಗಲು ಸ್ಟೇಷನ್ನಿಗೆ ಹೋಗಿ ಮೂರು ಟಿಕೆಟು ತಂದಿದ್ದೆ. ಮನೆಗೆ ಬಂದರೆ ನೀನು ವ್ರತ ತೆಗೆದುಕೊಂಡು ನಿಂತಿದ್ದೆ. ಭಾವನವರು ಆಸ್ಪತ್ರೆಯಲ್ಲಿದ್ದ ಹದಿನೆಂಟು ದಿನ ನಾನು ಒಮ್ಮೆಯೂ ಬರಲಿಲ್ಲ, ಶಾಲೆಯ ಪರೀಕ್ಷೆ ಎಂದೆ. ಅದರ ಸಿಟ್ಟನ್ನು ನೀನು ಹಾಗೆ ತೀರಿಸಿಕೊಂಡೆ ಎಂದು ನನಗೆ ಆಗಲೇ ಅರ್ಥವಾಯಿತು. ನಾನು ಒಂದು ಮಾತೂ ಆಡಲಿಲ್ಲ.

ಧರಣೇಂದ್ರ


ಮಿರಜ
ಸೆಪ್ಟೆಂಬರ್ ೮, ೨೦೨೫, ಕ್ಷಮಾವಾಣಿ

ಅಣ್ಣಾ,

ಪ್ರತಿವರ್ಷ ಈ ದಿನ ಅಚ್ಚು ಹಾಕಿಸಿದ ಕಾರ್ಡು ಕಳಿಸುತ್ತಿದ್ದೆ. ತಿಳಿದೋ ತಿಳಿಯದೆಯೋ ಆದ ತಪ್ಪುಗಳನ್ನು ಕ್ಷಮಿಸಿ, ಕೆಳಗೆ ನನ್ನ ಸಹಿ. ನೀವೂ ಅಂಥದೇ ಕಾರ್ಡು ಕಳಿಸುತ್ತಿದ್ದಿರಿ. ಇಬ್ಬರದೂ ಒಂದೇ ಅಂಗಡಿಯ ಮಾಲು ಇದ್ದಂತಿತ್ತು. ಈ ವರ್ಷ ಕಾರ್ಡು ಹಾಕುವುದಿಲ್ಲ. ಇದನ್ನು ಬರೆದು ನಾಲ್ಕು ಸಲ ಹರಿದಿದ್ದೇನೆ, ಇದು ಐದನೆಯದು.

ಅನಂತ ಚತುರ್ದಶಿಯ ಮರುದಿನ ಮಹಾರಾಜರ ದರ್ಶನಕ್ಕೆ ಹೋಗಿದ್ದೆ. ಅವರು ಬೆಳಗಾವಿ ಸೀಮೆಯವರು, ನಮ್ಮ ಹಾಗೇ ಮಾತಾಡುತ್ತಾರೆ. ಮೊಮ್ಮಗಳ ಪ್ರಶ್ನೆ ಹೇಳಿದೆ. ಚಂದ್ರನ ಮಾತಿಗೆ ಅವರು ಬಾಯಿತುಂಬ ನಕ್ಕರು. ಆಮೇಲೆ ಕೇಳಿದರು, "ಕೆಳಗಿನ ದಿಕ್ಕಿಂದರ ಹೇಳೀರೇನು?"

"ಅದೂ ಇಲ್ಲರಿ ಸ್ವಾಮಿ."

"ಮೂಲೀವು?"

"ಇಲ್ಲರಿ."

ಅವರು ನವಿಲುಗರಿಯ ಪಿಂಛಿಯನ್ನು ಪಕ್ಕಕ್ಕಿಟ್ಟು ಅಂದರು, "ವಿಚಾರ ಮಾಡಿ ತಗೊಳ್ಳಾವರು ಹತ್ತೂ ಹೇಳ್ತಾರ. ಅಂಜಿದವರು ಯಾವ ಕಡೆ ಅಂಜಿಕಿ ಐತೋ ಆ ಕಡೆ ಅಷ್ಟ ಬಾಗಲಾ ಹಾಕ್ತಾರ. ನೀವು ಯಾವ ಕಡೆ ಅಂಜಿದ್ರಿ ತಾಯಿ?"

ನಮಸ್ಕಾರ ಮಾಡಿ ಎದ್ದು ಬಂದೆ. ಆ ಉತ್ತರ ಅವರಿಗಿಂತ ಮೊದಲು ನಿಮಗೆ ಹೇಳಬೇಕು.

ನಾನು ಅಂಜಿದ್ದು ದಕ್ಷಿಣಕ್ಕೆ. ನಿಮ್ಮ ಮನೆಗೆ.

ಆಸ್ಪತ್ರೆಗೆ ನೀವು ಬರಲಿಲ್ಲ ಎಂಬ ಸಿಟ್ಟು ನನಗೆ ಇರಲೇ ಇಲ್ಲ. ಹದಿಮೂರನೆಯ ದಿನ ಹಿತ್ತಲಲ್ಲಿ ಅಕ್ಕಿ ಆರಿಸುತ್ತಿದ್ದ ವೈನಿ ಯಾರಿಗೋ ಹೇಳುತ್ತಿದ್ದರು. ನಾನು ಬಚ್ಚಲಿನಲ್ಲಿದ್ದೆ. "ನಾಳೆ ಕರ್ಕೊಂಡ ಹೋಗ್ತಾರಂತ. ಎರಡ ಖೋಲಿ ಮನಿ. ಇಕಿನ್ನ ಎಲ್ಲಿ ಮಲಗಸೂದು? ಒಂದ ತಿಂಗಳಾದ್ರ ಆತು, ಜನ್ಮಪೂರ್ತಿ ಅಂದ್ರ ಹೆಂಗ?" ಅವರು ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆಗ ನಿಮ್ಮ ಮನೆಯಲ್ಲಿ ಇಬ್ಬರು ಬೆಳೆದ ಹೆಣ್ಣುಮಕ್ಕಳಿದ್ದರು, ಜಾಗ ಎಲ್ಲಿತ್ತು? ಆದರೆ ನನ್ನ ಮೈಯೆಲ್ಲ ನಾಚಿಕೆಯಿಂದ ಸುಟ್ಟುಹೋಯಿತು. ನಾನು ಬರುತ್ತೇನೆ ಎಂದರೆ ಅವರಿಗೆ ಕಷ್ಟ. ಬರುವುದಿಲ್ಲ ಎಂದರೆ ಏಕೆ ಎಂದು ನೀವು ಕೇಳುತ್ತೀರಿ, ಹೇಳಿದರೆ ಗಂಡ ಹೆಂಡತಿಗೆ ಜಗಳ. ಮಹಾರಾಜರ ಮುಂದೆ ವ್ರತ ತೆಗೆದುಕೊಂಡು ಬಿಟ್ಟರೆ ಯಾರೂ ಯಾರನ್ನೂ ಕೇಳುವ ಹಾಗಿಲ್ಲ. ಬೆಳಿಗ್ಗೆ ಎದ್ದವಳೇ ಹೋದೆ. ಆ ಅವಸರದಲ್ಲಿ ಮೇಲೆ ಆಕಾಶ ಇದೆ ಎಂಬುದು ಎಲ್ಲಿ ನೆನಪಾಗಬೇಕು?

ಒಂದೆರಡು ವರ್ಷ ಧೈರ್ಯವಾಗಿದ್ದೆ. ಆಮೇಲೆ ನಾನೇ ಹಾಕಿಕೊಂಡ ಬೀಗದ ಕೈ ನನ್ನ ಹತ್ತಿರವೇ ಇಲ್ಲ ಎಂದು ಗೊತ್ತಾಯಿತು. ನಿಮಗೆ ಸುಳ್ಳು ಹೇಳಿದೆ, ಧರ್ಮವನ್ನು ಅಡ್ಡ ಇಟ್ಟುಕೊಂಡು ಹೇಳಿದೆ. ಈ ಸಲ ನಿಜವಾಗಿ ಕ್ಷಮೆ ಕೇಳುತ್ತಿದ್ದೇನೆ.

ನಿಮ್ಮ ತಂಗಿ ಚಂದ್ರಾ


ರಾಯಬಾಗ
ಸೆಪ್ಟೆಂಬರ್ ೧೩, ೨೦೨೫

ಚಂದ್ರಾ,

ನಿನ್ನ ಪತ್ರವನ್ನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ನೀನು ಕ್ಷಮೆ ಕೇಳಿದ್ದು ತಪ್ಪು ಮನುಷ್ಯನನ್ನು.

ನೀನು ಸಿಟ್ಟಿನಿಂದ ವ್ರತ ತೆಗೆದುಕೊಂಡೆ ಎಂದು ನಾನು ನಂಬಿದ್ದೆ ಎಂದು ಬರೆದೆನಲ್ಲ, ಅದು ಅರ್ಧ ನಿಜ. ನಂಬುವುದು ನನಗೆ ಅನುಕೂಲವಾಗಿತ್ತು. ನಿನ್ನನ್ನು ಎಲ್ಲಿ ಇಟ್ಟುಕೊಳ್ಳುವುದು ಎಂಬ ಚಿಂತೆ ನಿನ್ನ ವೈನಿಗೆ ಮಾತ್ರ ಇರಲಿಲ್ಲ. ಅವಳು ಬಾಯಿಬಿಟ್ಟು ಅಂದಳು, ನಾನು ಅನ್ನಲಿಲ್ಲ, ಅಷ್ಟೇ ವ್ಯತ್ಯಾಸ. ನದಿ ದಾಟುವುದಿಲ್ಲ ಎಂದು ನೀನು ಬಾಗಿಲಲ್ಲಿ ನಿಂತು ಹೇಳಿದಾಗ ನಾನು ಕಣ್ಣೀರು ಹಾಕಿದೆ, ನೀನೂ ನೋಡಿದ್ದೀ. ಆದರೆ ರೈಲಿನಲ್ಲಿ ಕುಡಚಿಯ ಸೇತುವೆ ಬಂದಾಗ ಶೇಂಗಾ ಮಾರುವವನನ್ನು ಕರೆದು ಒಂದು ಪೊಟ್ಟಣ ಕೊಂಡು ಅಷ್ಟನ್ನೂ ತಿಂದೆ. ಹದಿಮೂರು ದಿನದ ಮೇಲೆ ನನಗೆ ಮೊದಲ ಸಲ ಹಸಿವೆ ಆಗಿತ್ತು. ಮನಸ್ಸು ಹಗುರವಾಗಿತ್ತು ಚಂದ್ರಾ. ಅದು ಗೊತ್ತಾಗಿ ನಾಚಿಕೆಯಾಯಿತು, ಆಮೇಲೆ ಅದನ್ನು ಮುಚ್ಚಲು ನಿನ್ನ ಮೇಲೆ ಸಿಟ್ಟು ಮಾಡಿಕೊಂಡೆ. ಹನ್ನೊಂದು ವರ್ಷದಲ್ಲಿ ನಾನು ಮಿರಜಕ್ಕೆ ಬಂದದ್ದು ಎರಡೇ ಸಲ. ನದಿ ದಾಟಬಾರದೆಂಬ ವ್ರತ ನನಗೇನೂ ಇರಲಿಲ್ಲವಲ್ಲ.

ಮಹಾರಾಜರ ಬಳಿ ಹೋಗು. ಎಲ್ಲವನ್ನೂ ಹೇಳು. ನನ್ನ ಹೆಸರನ್ನೂ ಹೇಳು.

ಧರಣೇಂದ್ರ


ಮಿರಜ
ಸೆಪ್ಟೆಂಬರ್ ೧೮, ೨೦೨೫

ಅಣ್ಣಾ,

ನಿಮ್ಮ ಪತ್ರ ಓದಿ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ವೃಷಾಲಿ ಬಂದು "ಯಾಕ್ರಿ, ಮಾಮಾ ಆರಾಮ ಅದಾರಿಲ್ಲರಿ?" ಎಂದು ಕೇಳಿದಳು. ಶೇಂಗಾ ತಿಂದರಂತೆ ಎಂದೆ. ಅವಳಿಗೆ ಏನೂ ತಿಳಿಯಲಿಲ್ಲ.

ಮಂಗಳವಾರ ಮಹಾರಾಜರ ಬಳಿ ಹೋದೆ. ಎಲ್ಲ ಹೇಳಿದೆ. ಅವರು ಬಯ್ಯುತ್ತಾರೆ ಎಂದುಕೊಂಡಿದ್ದೆ, ಬಯ್ಯಲಿಲ್ಲ. ಅಂಜಿಕೆಯಿಂದ ಕಟ್ಟಿಕೊಂಡದ್ದನ್ನು ವ್ರತ ಎಂದು ಹೊತ್ತು ತಿರುಗುವುದೂ ಒಂದು ಸುಳ್ಳೇ ಎಂದರು. ಎಂಟು ದಿನ ಒಪ್ಪತ್ತು ಊಟ ಮಾಡಬೇಕು, ದಿನಾ ನೂರೆಂಟು ಜಪ. ಅದು ಮುಗಿದ ಮೇಲೆ ಹಳೆಯ ಗಡಿ ಮುಗಿಯಿತು. "ಆಮ್ಯಾಲೆ ಅವಸರ ಮಾಡಬ್ಯಾಡ್ರಿ. ಹತ್ತೂ ದಿಕ್ಕ ವಿಚಾರ ಮಾಡಿ, ಅಂಜಿಕಿಲ್ಲದ ಹೊಸಾ ಮಿತಿ ಹಾಕ್ಕೊಳ್ರಿ" ಎಂದರು. ಬುಧವಾರ ಸುರು ಮಾಡಿದ್ದೇನೆ, ಮುಂದಿನ ಬುಧವಾರಕ್ಕೆ ಎಂಟು ತುಂಬುತ್ತವೆ. ಇಪ್ಪತ್ತೆಂಟನೆಯ ತಾರೀಖಿಗೆ ನಾನು ನದಿ ದಾಟಬಹುದು.

ಬಸದಿಯಿಂದ ಮನೆಗೆ ನಡೆದು ಬಂದೆನೋ ಓಡಿ ಬಂದೆನೋ ನೆನಪಿಲ್ಲ. ಬಾಗಿಲಲ್ಲೇ ಕೂಗಿ ಹೇಳಬೇಕು ಎಂದುಕೊಂಡಿದ್ದೆ. ನಡುಮನೆಯಲ್ಲಿ ಸಂಮೇದ ಮತ್ತು ವೃಷಾಲಿ ಮಾತಾಡುತ್ತಿದ್ದರು. ನಾನು ಚಪ್ಪಲಿ ಬಿಡುತ್ತಿದ್ದೆ.

ಅವಳು ಅತ್ತೆಯ ಕೋಣೆಯ ಕಡೆ ನೋಡಿ ಕೇಳಿದಳು, "ದಿನಾ ಪೂರ್ತಿ ಹೋಗ್ತೈತಿ. ಆಯಿಂದು ಹೆಂಗ?"

ಅವನು ಅಂದ, "ಅವ್ವ ಅದಾಳಲ್ಲ. ನದಿ ಆಚೆ ಇದ್ದದ್ದ ಛಲೋ ಆತು. ಈಚೀಕಡೆ ಇದ್ರ ಅವ್ವನ್ನ ಕರೀದ ಹೆಂಗ ಹೋಗೂದು? ಕರದ್ರ ಆಯಿನ್ನ ಯಾರ ನೋಡೂದು?"

ಅವನ ದನಿಯಲ್ಲಿ ಕೆಡುಕು ಇರಲಿಲ್ಲ. ಮಳೆ ಬಂದದ್ದು ಒಳ್ಳೆಯದಾಯಿತು ಎನ್ನುವ ಹಾಗೆ ಅಂದ. ನಾನು ಸೀದಾ ಒಳಗೆ ಹೋಗಿ ಅತ್ತೆಯನ್ನು ಹೊರಳಿಸಿ ಬೆನ್ನಿಗೆ ಪುಡಿ ಹಚ್ಚಿದೆ. ಗಡಿ ಮುಗಿಯುವ ಸುದ್ದಿಯನ್ನು ಇಂದಿನವರೆಗೂ ಅವರಿಗೆ ಹೇಳಿಲ್ಲ. ಒಪ್ಪತ್ತು ಉಣ್ಣುವುದನ್ನು ಅವರು ಯಾವುದೋ ನೋಂಪಿ ಎಂದುಕೊಂಡಿದ್ದಾರೆ.

ಈಗ ಹೇಳಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿದೆ. ಬಾ ಎನ್ನಲು ಅವರಿಗೆ ಆಗುವುದಿಲ್ಲ, ಬೇಡ ಎನ್ನಲು ನಾಚಿಕೆ. ಮಗನ ಮುಖ ನೆಲ ನೋಡುತ್ತದೆ. ಅದನ್ನು ನಾನು ನೋಡಲಾರೆ. ಹನ್ನೊಂದು ವರ್ಷ ನಿಮ್ಮನ್ನು ಆ ಸಂಕಟದಿಂದ ಉಳಿಸಿದೆ, ಇವರನ್ನೂ ಉಳಿಸಿದೆ. ಇನ್ನೊಂದು ಭಾನುವಾರ ಉಳಿಸಿದರೆ ನನ್ನ ಗಂಟೇನು ಹೋಗುತ್ತದೆ? ಹೀಗೆ ಬರೆಯುತ್ತಿದ್ದೇನೆ, ಆದರೆ ಹೊಟ್ಟೆ ಉರಿಯುತ್ತಿದೆ ಅಣ್ಣಾ. ಮೊದಲು ಹೋಗಲು ಆಗುತ್ತಿರಲಿಲ್ಲ, ಅದಕ್ಕೆ ಸಮಾಧಾನವಿತ್ತು. ಈಗ ಬಾಗಿಲು ತೆರೆದಿದೆ, ನಾನು ಒಳಗೇ ಕೂತಿದ್ದೇನೆ.

ಇದು ಗೊತ್ತಿರುವುದು ಮಹಾರಾಜರಿಗೆ ಮತ್ತು ನಿಮಗೆ. ಯಾರಿಗೂ ಹೇಳಬೇಡಿ.

ಚಂದ್ರಾ


ರಾಯಬಾಗ
ಸೆಪ್ಟೆಂಬರ್ ೨೨, ೨೦೨೫

ಚಂದ್ರಾ,

ಹೇಳಬೇಡಿ ಎಂದು ಬರೆದಿದ್ದೀ. ನಾನು ಹೇಳಿದ್ದೇನೆ.

ನಿನ್ನ ಕಡೆಯ ಎರಡೂ ಪತ್ರಗಳನ್ನು ನಿನ್ನ ವೈನಿಯ ಮುಂದೆ ಇಟ್ಟೆ. ಅಕ್ಕಿ ಆರಿಸುವಾಗ ಆಡಿದ ಮಾತು ಬಂದ ಜಾಗದಲ್ಲಿ ಅವಳು ಕನ್ನಡಕ ತೆಗೆದಳು. ನಿನ್ನೆ ಇಡೀ ದಿನ ನನ್ನ ಜತೆ ಮಾತಾಡಲಿಲ್ಲ, ಅಥವಾ ಮಾತಾಡಿದ್ದು ನನಗೆ ಕೇಳಲಿಲ್ಲ. ಇಂದು ಬೆಳಿಗ್ಗೆ ನನ್ನ ಕಪಾಟು ತೆಗೆದು ಕಿವಿಯ ಯಂತ್ರ ತಂದು ತಾನೇ ನನ್ನ ಕಿವಿಗೆ ಸಿಕ್ಕಿಸಿ ಅಂದಳು, "ನಾವಿಬ್ಬರೂ ಮಿರಜಕ್ಕ ಹೋಗೂಣು. ಅವರತ್ತಿನ್ನ ನಾ ನೋಡ್ತೀನಿ. ನಮ್ಮ ಅತ್ತಿನ್ನ ಆರ ವರ್ಷ ಮಾಡೀನಿ, ನನಗೇನ ಹೊಸಾದಲ್ಲ. ಚಂದ್ರಾಬಾಯಿ ಹೋಗಿ ಬರಲಿ." ಮೊಣಕಾಲು ನೋವಿನವಳು ಒಬ್ಬಳೇ ಎತ್ತಲಾರಳು, ಕಾಲು ಕಡೆ ನಾನು ಹಿಡಿಯುತ್ತೇನೆ. ಅವಳು ಕರೆದದ್ದು ನನಗೆ ಕೇಳಲಿ ಎಂದು ಯಂತ್ರವನ್ನೂ ಹಾಕಿಕೊಂಡೇ ಬರುತ್ತೇನೆ. ಪಾತ್ರೆ ಸದ್ದು ಮಾಡಬೇಡಿ.

ಭಾನುವಾರ ಬೆಳಗಿನ ರೈಲಿಗೆ ಬರುತ್ತೇವೆ. ಅಷ್ಟರೊಳಗೆ ಸಂಮೇದನಿಗೆ ನೀನೇ ಹೇಳು. ಅವನ ಮುಖ ನೆಲ ನೋಡಿದರೆ ನೋಡಲಿ. ನನ್ನ ಮುಖ ಹನ್ನೊಂದು ವರ್ಷ ಆ ಕಡೆ ಈ ಕಡೆ ನೋಡಿತು, ಅದರಿಂದ ಯಾರಿಗೆ ಒಳ್ಳೆಯದಾಯಿತು? ನೀನು ಹೇಳದಿದ್ದರೆ ನಿಮ್ಮ ಬಾಗಿಲಲ್ಲಿ ನಿಂತು ನಾನೇ ಹೇಳುತ್ತೇನೆ. ಕಿವುಡರು ಎಷ್ಟು ಗಟ್ಟಿಯಾಗಿ ಮಾತಾಡುತ್ತಾರೆಂದು ನಿಮ್ಮ ಓಣಿಗೂ ತಿಳಿಯುತ್ತದೆ.

ಉತ್ತರವನ್ನು ಸ್ಪೀಡ್ ಪೋಸ್ಟಿನಲ್ಲೇ ಹಾಕು.

ಧರಣೇಂದ್ರ


ಮಿರಜ
ಸೆಪ್ಟೆಂಬರ್ ೨೪, ೨೦೨೫, ಬುಧವಾರ

ಅಣ್ಣಾ, ವೈನಿ,

ಎಂಟನೆಯ ಒಪ್ಪತ್ತು ಇಂದು ಮುಗಿಯಿತು. ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಬಡಿಸುತ್ತ ಹೇಳಿದೆ. ವ್ರತದ ಗಡಿ ಮುಗಿದಿದೆ, ಭಾನುವಾರ ನನಗೂ ಬರಬೇಕಾಗಿದೆ ಎಂದೆ.

ನಾನು ಹೆದರಿದ್ದ ಹಾಗೇ ಆಯಿತು. ಸಂಮೇದ ತಾಟು ನೋಡುತ್ತ ಕುಳಿತ. ವೃಷಾಲಿ ಮೊದಲು ಕೇಳಿದ್ದು, "ಆಯಿಂದು ಹೆಂಗರಿ?" ನೀವಿಬ್ಬರೂ ಬರುತ್ತೀರಿ ಎಂದೆ. ಆಗ ಸಂಮೇದ, "ಪಾಸ ಐದ ಮಂದೀದ ಐತಿ ಅವ್ವಾ" ಎಂದ. ಆರನೆಯದು ಬೇರೆ ತೆಗೆ ಎಂದೆ. "ಮುಂದಿನ ಸಲ ನೋಡೂಣಲ್ಲ" ಎಂದ. ಸಂಮೇದಾ, ನನಗೆ ಅರವತ್ತಮೂರು, ನಾನು ಹೋದ ಸಲ ಎಲ್ಲಿಗೆ ಹೋಗಿದ್ದೆ ಹೇಳು ಎಂದೆ. ಸಾರಿನ ಸೌಟು ಕೆಳಗಿಟ್ಟೆ. ಅವನು ತಾಟು ಸರಿಸಿದ. ಮೊಬೈಲು ತೆಗೆದು ಏನೋ ಒತ್ತಿದ. ಸನ್ಮತಿ ಬಗ್ಗಿ ನೋಡಿ, "ಸಿಕ್ಕತು, ಅಜ್ಜೀದ ಸಿಕ್ಕತು!" ಎಂದು ಚೀರಿದಳು.

ಒಳಕೋಣೆಯಿಂದ ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು. ಹಾಸಿಗೆ ಸರಿಮಾಡಲು ಹೋದರೆ, "ಹೋಗಿ ಬಾ. ನಾ ಏನ ಎಲ್ಲಿ ಓಡಿ ಹೋಗೂದಿಲ್ಲ" ಎಂದರು. ನಕ್ಕೆವು ಇಬ್ಬರೂ. ಆಮೇಲೆ ಅವರ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಗಡಿ ಮುಗಿಯಿತು ಎಂದು ಮಹಾರಾಜರು ನನಗೆ ಹೇಳಿದ ಮಾತನ್ನು ಹಾಸಿಗೆ ಹಿಡಿದ ಅವರಿಗೆ ಯಾರೂ ಹೇಳಲಾರರು.

ಬಾ ಎಂದು ಇದುವರೆಗೂ ಯಾರೂ ಅನ್ನಲಿಲ್ಲ ಅಣ್ಣಾ. ಬರುತ್ತೇನೆ ಎಂದು ನಾನೇ ಅಂದೆ.

ನೀವು ಭಾನುವಾರ ಬರಬೇಡಿ, ಶನಿವಾರ ಸಂಜೆಯೇ ಬನ್ನಿ. ಇವರ ಗಾಡಿ ಬೆಳಗಿನ ಐದಕ್ಕೆ ಹೊರಡುತ್ತದೆ. ನನ್ನನ್ನು ಮರೆತು ಹೊರಟಾರೆಂದು ನಾನು ನಾಲ್ಕೂವರೆಗೇ ಹೋಗಿ ಮುಂದಿನ ಸೀಟಿನಲ್ಲಿ ಕುಳಿತಿರುತ್ತೇನೆ.

ಚಂದ್ರಾ